ಪೆಟ್ಟಿಗೆಗೊಂದು ಚಕ್ರದ ಮಣೆ

ನಮ್ಮ ಮನೆಯಲ್ಲಿ ಅದನ್ನು ಕ್ಯಾಂಪರ್ ಎಂದು ಕರೆಯುವವನು ನಾನೊಬ್ಬನೇ. ಉಳಿದವರಿಗೆಲ್ಲ ಅದು ಪೆಟ್ಟಿಗೆ. ಪಿಕಪ್ಪಿನ ಹಿಂದಿನ ಬಾಡಿಯಲ್ಲಿ ಕೂರುವ, ಒಳಗೆ ಇಬ್ಬರು ಮಲಗಿ ಎದ್ದು ಚಹಾ ಕಾಯಿಸಿಕೊಳ್ಳಬಹುದಾದ, ಪ್ಲೈವುಡ್ಡು ಮತ್ತು ಅಲ್ಯುಮಿನಿಯಂ ಶೀಟಿನ ಪುಟ್ಟ ಕೋಣೆ. ತಳ 7 ಅಡಿ ಉದ್ದ, 5 ಅಡಿ ಅಗಲ. ಮುಂದೆ ಡ್ರೈವರ್ ಕ್ಯಾಬಿನ್ನಿನ ಮೇಲೆ 3 ಅಡಿ ಚಾಚಿದ ಮೂತಿ, ಅದರೊಳಗೆ ಹಾಸಿಗೆ. ನಾಲ್ಕು ಮೂಲೆಗೆ ನಾಲ್ಕು ಸ್ಕ್ರೂ ಜಾಕಿನ ಕಾಲುಗಳು. ಕಾಲು ಇಳಿಸಿ ಪೆಟ್ಟಿಗೆಯನ್ನು ಎರಡಿಂಚು ಎತ್ತಿ, ಪಿಕಪ್ಪನ್ನು ಅದರ ಅಡಿಯಿಂದ ಮುಂದಕ್ಕೆ ಓಡಿಸಿಕೊಂಡು ಹೋದರೆ ಗಾಡಿ ಮತ್ತೆ ಗೊಬ್ಬರಕ್ಕೆ, ಕಾಫಿ ಮೂಟೆಗೆ ಸಿದ್ಧ.

ತೊಂದರೆ ಇರುವುದು ಪಿಕಪ್ ಹೊರಟ ಮೇಲೆ. ಪೆಟ್ಟಿಗೆ ಇಳಿಸಿದಲ್ಲೇ ನಿಲ್ಲುತ್ತದೆ. ಮೂರು ವರ್ಷ ಅದು ಕಣದ ಆಚೆ ಬದಿಯ ಶೀಟಿನ ಮಾಡಿನ ಕೆಳಗೆ, ನಾಲ್ಕು ಕಾಲಿನ ಮೇಲೆ, ಬಾವಿಗೆ ಬಿದ್ದವನನ್ನು ಇಣುಕುವವನ ಹಾಗೆ ತುಸು ಮುಂದಕ್ಕೆ ಬಾಗಿಕೊಂಡು ನಿಂತಿತ್ತು. ನಾವಿರುವ ಕೊಡಗಿನ ಸಿದ್ದಾಪುರದ ಕಡೆಗೆ ಮಡಿಕೇರಿ, ಭಾಗಮಂಡಲದಷ್ಟು ಮಳೆ ಇಲ್ಲ ನಿಜ. ಆದರೆ ಜುಲೈ ತಿಂಗಳ ಮಳೆ ಮೇಲಿನಿಂದ ಬೀಳುವುದಿಲ್ಲ, ಪಕ್ಕದಿಂದ ಬರುತ್ತದೆ. ಮೂರನೆಯ ಮಳೆಗಾಲ ಮುಗಿಯುವ ಹೊತ್ತಿಗೆ ಪಡುವಣ ಬದಿಯ ಪ್ಲೈವುಡ್ಡಿನ ಕೆಳ ಅಂಚು ನೀರು ಕುಡಿದು ಪದರ ಬಿಟ್ಟಿತ್ತು. ಒಂದು ಕಾಲಿನ ಕೆಳಗಿನ ಮಣ್ಣು ಕುಸಿದು ಇಡೀ ಪೆಟ್ಟಿಗೆ ವಾಲಿದ ರಾತ್ರಿ ನಾನೂ ನನ್ನ ಹೆಂಡತಿಯೂ ಟಾರ್ಚ್ ಹಿಡಿದು ಸಿಲ್ವರ್ ಓಕ್ ತುಂಡುಗಳನ್ನು ಅಡಿಗೆ ತುರುಕಿದ್ದು ಬೇರೆಯೇ ಕತೆ.

ಇತ್ತ 90 ಅಡಿ ದೂರದಲ್ಲಿ ನಮ್ಮ ಕಾಫಿ ಗೋದಾಮು ಜೂನ್‌ನಿಂದ ಡಿಸೆಂಬರ್‌ವರೆಗೆ ಖಾಲಿ. ನಮ್ಮದು ಹೆಚ್ಚಿನಂಶ ರೋಬಸ್ಟ. ಜನವರಿಯಲ್ಲಿ ಕೊಯ್ಲು ಹಿಡಿದು ಕಣದಲ್ಲಿ ಒಣಗಿ ಮೂಟೆಯಾಗಿ ಒಳಗೆ ಬಂದದ್ದು ಮೇ ಹೊತ್ತಿಗೆ ಮಾರಾಟವಾಗಿ ಹೋಗಿರುತ್ತದೆ. ಮಳೆಗಾಲವಿಡೀ ಅಲ್ಲಿ ಇಲಿ ಬಿಟ್ಟರೆ ಯಾರೂ ಇಲ್ಲ. ಪೆಟ್ಟಿಗೆಯನ್ನು ಅಲ್ಲಿಡಬೇಕು ಎಂದರೆ ಅದರ ಕೆಳಗೆ ಚಕ್ರ ಬೇಕು. ಹೀಗೆ ಕಳೆದ ಏಪ್ರಿಲ್ ಕೊನೆಯಲ್ಲಿ, ಕಾಫಿ ಹೂ ಅರಳಿಸುವ ಹೂಮಳೆ, ಅದರ ಬೆನ್ನಿಗೆ ಬೇಕಾದ ಹಿಮ್ಮಳೆ ಎರಡೂ ಮುಗಿದು ತೋಟದಲ್ಲಿ ಸ್ವಲ್ಪ ಬಿಡುವಾದಾಗ, ಕೆಲಸ ಶುರು ಮಾಡಿದೆ. ಜೊತೆಗೆ ಭಾವ. ಅವರದು ಕುಶಾಲನಗರದಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ. ಕಬ್ಬಿಣದ ವಿಷಯದಲ್ಲಿ ನನ್ನ ಮಾತಿಗೆ ಅವರು ತಲೆಯಾಡಿಸುತ್ತಾರೆ, ಆಮೇಲೆ ತಮಗೆ ಸರಿ ಕಂಡದ್ದನ್ನೇ ಮಾಡುತ್ತಾರೆ.

ಮೊದಲು ಎದುರಾದದ್ದು ಬಾಗಿಲಿನ ಲೆಕ್ಕ. ಗೋದಾಮಿನ ಶಟರ್ ಪೂರ್ತಿ ಎತ್ತಿದರೂ ಸಿಗುವುದು 93 ಇಂಚು. ಪೆಟ್ಟಿಗೆಯ ಎತ್ತರ 82. ಉಳಿದದ್ದು 11. ಸಾಮಾನ್ಯವಾಗಿ ಎಲ್ಲರೂ ಮಾಡುವಂತೆ ಒಂದು ಚೌಕಟ್ಟು ಕಟ್ಟಿ ಅದರ ಅಡಿಗೆ 8 ಇಂಚಿನ ಚಕ್ರ ಬಿಗಿದರೆ, ಚಕ್ರ ಅದನ್ನು ಹಿಡಿದಿಡುವ ಕಬ್ಬಿಣದ ಕವಲಿನ ಸಮೇತ ಒಂಬತ್ತೂವರೆ, ಚೌಕಟ್ಟು 3, ಹಲಗೆ 1. ಹದಿಮೂರೂವರೆ ಇಂಚಾಯಿತು, ಪೆಟ್ಟಿಗೆಯ ನೆತ್ತಿ ಶಟರಿಗೆ ಬಡಿಯುತ್ತದೆ. ಚಿಕ್ಕ ಚಕ್ರ ಹಾಕೋಣ ಎಂದರೆ ಅದಕ್ಕೂ ತೊಡಕಿದೆ, ಮುಂದೆ ಹೇಳುತ್ತೇನೆ.

ದಾರಿ ತೋರಿಸಿದ್ದು ಪಲ್ಲಕ್ಕಿ. ಹೊರುವ ದಂಡಿಗೆ ಮೇಲೆ, ದೇವರು ಕೂರುವ ಜಾಗ ಕೆಳಗೆ. ಚೌಕಟ್ಟಿನ ಹಿಂದೆ ಮುಂದೆ ಎರಡೂ ತುದಿಗಳಲ್ಲಿ ಮೇಲಕ್ಕೆದ್ದ ಹೆಗಲು ಮಾಡಿ, ಆ ಹೆಗಲಿನ ಕೆಳಗೆ ಚಕ್ರ ತೂಗಿಬಿಟ್ಟೆವು. ನಡುವಿನ ಚೌಕಟ್ಟು ನೆಲದಿಂದ 4 ಇಂಚು ಎತ್ತರದಲ್ಲಿ ತೂಗುತ್ತದೆ. ಆ ಚೌಕಟ್ಟಿನ ಚಾನೆಲ್ಲು, ಅಂದರೆ ಕಬ್ಬಿಣದ ತೊಲೆ, 3 ಇಂಚು, ಮೇಲೆ ಹಲಗೆ 1. ಪೆಟ್ಟಿಗೆಯ ತಳ 8 ಇಂಚಿನಲ್ಲಿ ಕೂರುತ್ತದೆ. 82ಕ್ಕೆ 8 ಸೇರಿದರೆ 90. ಮೂರಿಂಚು ಉಳಿಯಿತು. ತೂಕ ಕೆಳಗಿಳಿದಷ್ಟೂ ಉರುಳುವ ಭಯವೂ ಕಡಿಮೆ. ಹೆಗಲುಗಳು ಅಕ್ಕಪಕ್ಕದಲ್ಲಿಲ್ಲ, ಹಿಂದೆ ಮುಂದೆ ಇವೆ; ಆದ್ದರಿಂದ ಅಗಲ 5 ಅಡಿಯಷ್ಟೇ ಉಳಿದು, ಪೆಟ್ಟಿಗೆಯ ಕಾಲುಗಳ ನಡುವೆ ಸಲೀಸಾಗಿ ನುಗ್ಗುತ್ತದೆ. ಅಮ್ಮ ಇದನ್ನು ನೋಡಿದವಳೇ "ಮಣೆ" ಎಂದಳು. ಡಾಲಿ, ಟ್ರಾಲಿ ಎಂದೆಲ್ಲ ನಾನು ಹೇಳಿದ್ದು ಯಾರ ಕಿವಿಗೂ ಬೀಳಲಿಲ್ಲ.

ಎರಡನೆಯದು ತೂಕ. ಮೈಸೂರಿನಲ್ಲಿ ಇದನ್ನು ಕಟ್ಟಿಕೊಟ್ಟ ಬಾಡಿ ಕೆಲಸದವರು 400 ಕೆಜಿ ದಾಟುವುದಿಲ್ಲ ಎಂದಿದ್ದರು. ನಾನು ನಂಬಿದ್ದೆ. ಈಗ ಕಾಫಿ ತೂಗುವ ತಕ್ಕಡಿಯನ್ನು ಒಂದೊಂದೇ ಕಾಲಿನ ಕೆಳಗಿಟ್ಟು, ಉಳಿದ ಮೂರು ಕಾಲಿಗೆ ಅಷ್ಟೇ ದಪ್ಪದ ಹಲಗೆ ಕೊಟ್ಟು, ರಸಮಟ್ಟ ನೋಡಿಕೊಂಡು ತೂಗಿದೆ. ಮಟ್ಟ ತಪ್ಪಿದರೆ ತೂಕ ಪಕ್ಕದ ಕಾಲಿಗೆ ಜಾರಿ ಲೆಕ್ಕ ಸುಳ್ಳಾಗುತ್ತದೆ, ಅದಕ್ಕಾಗಿ ಆ ಹಲಗೆಗಳು. ಮುಂದಿನ ಎಡ 148, ಮುಂದಿನ ಬಲ 139, ಹಿಂದಿನ ಎಡ 118, ಹಿಂದಿನ ಬಲ 105. ಒಟ್ಟು 510. ಅನುಮಾನ ಬಂದು ಪಿಕಪ್ಪನ್ನು ಪೆಟ್ಟಿಗೆ ಸಮೇತ ಒಮ್ಮೆ, ಬರಿದಾಗಿ ಒಮ್ಮೆ ವೇಬ್ರಿಡ್ಜ್ ಹತ್ತಿಸಿದೆ. ವ್ಯತ್ಯಾಸ 520, ಅಲ್ಲಿ ಹತ್ತು ಹತ್ತು ಕೆಜಿಯಲ್ಲೇ ಎಣಿಕೆ. ತಕ್ಕಡಿ ಸುಳ್ಳು ಹೇಳಿರಲಿಲ್ಲ. ನೂರು ಕೆಜಿ ಹೆಚ್ಚಿನ ಭಾರವನ್ನು ಮೂರು ವರ್ಷ ಬೆಟ್ಟ ಹತ್ತಿಸಿದ್ದೇನೆ, ಡೀಸೆಲ್ ಲೆಕ್ಕ ಈಗ ಯಾಕೆ.

ಪೆಟ್ಟಿಗೆ 510, ಮಣೆಯ ಸ್ವಂತ ತೂಕ 115 ಆಗಬಹುದು, ಒಳಗೆ ಉಳಿದ ಪಾತ್ರೆ ಪಗಡೆ 40. ಒಟ್ಟು 665. ಇದನ್ನು ನಾಲ್ಕರಿಂದ ಭಾಗಿಸಿ ಚಕ್ರ ಕೊಳ್ಳುವುದು ಹೊಸಬರು ಮಾಡುವ ತಪ್ಪು. ನೆಲ ಎಲ್ಲಿಯೂ ಸಮ ಇರುವುದಿಲ್ಲ. ಯಾವುದೋ ಗಳಿಗೆಯಲ್ಲಿ ಒಂದು ಚಕ್ರ ಗಾಳಿಯಲ್ಲಿರುತ್ತದೆ, ಭಾರ ಮೂರರ ಮೇಲೆ ಬೀಳುತ್ತದೆ. ಆದ್ದರಿಂದ ಮೂರರಿಂದ ಭಾಗಿಸಬೇಕು. 222 ಕೆಜಿ ಬಂತು. 300 ಕೆಜಿ ತಾಳುವ ಚಕ್ರ ಎಂದು ನಿರ್ಧರಿಸಿದೆ.

ಚಕ್ರ ಆರಿಸಿದ್ದಷ್ಟು ತಲೆಬಿಸಿ ಉಳಿದ ಯಾವ ಕೆಲಸದಲ್ಲೂ ಆಗಲಿಲ್ಲ. ನಮ್ಮ ಕಣ ಸಿಮೆಂಟಿನದು, ಆದರೆ ಗೋದಾಮಿನ ಕಡೆಗೆ ಒಂದು ಚರಂಡಿ ಅಡ್ಡ ಬರುತ್ತದೆ. ಅದರ ಮೇಲಿನ ಕಲ್ಲು ಚಪ್ಪಡಿಗಳು ನೆಲಕ್ಕಿಂತ 2 ಸೆಂ.ಮೀ. ಎದ್ದು ನಿಂತಿವೆ. ಇಂಥ ಒಂದು ಅಂಚನ್ನು ಹತ್ತಲು ಚಕ್ರಕ್ಕೆ ಎಷ್ಟು ನೂಕು ಬೇಕೆಂದು ಪಿಯುಸಿಯಲ್ಲಿ ಕಲಿತ ಭೌತಶಾಸ್ತ್ರದಿಂದ ಲೆಕ್ಕ ಹಾಕಿದೆ. 8 ಇಂಚಿನ ಚಕ್ರವಾದರೆ ಆ ಚಕ್ರದ ಮೇಲಿನ ಭಾರದ ಮುಕ್ಕಾಲು ಪಾಲು. 4 ಇಂಚಿನದಾದರೆ ಭಾರಕ್ಕಿಂತಲೂ ಮೂರನೇ ಒಂದು ಪಾಲು ಹೆಚ್ಚು. ಅಂದರೆ ಚಿಕ್ಕ ಚಕ್ರದ ಗಾಡಿಯನ್ನು ಆ ಅಂಚಿಗೆ ನೂಕುವುದಕ್ಕಿಂತ ಎತ್ತಿ ದಾಟಿಸುವುದೇ ಸುಲಭ. 8 ಇಂಚಿನದಕ್ಕೂ ಎರಡು ಚಕ್ರಕ್ಕೆ 250 ಕೆಜಿಯಷ್ಟು ನೂಕು ಬೇಕು, ಅದೇನೂ ಕಡಿಮೆಯಲ್ಲ. ಆದ್ದರಿಂದ ಚಪ್ಪಡಿಯ ಎರಡೂ ಬದಿಗೆ ಗಾರೆ ಮೆತ್ತಿ ಒಂದೊಂದು ಅಡಿಯ ಇಳಿಜಾರು ಮಾಡಿದೆ. ಅರ್ಧ ದಿನದ ಕೆಲಸ, ಒಂದು ಬಾಣಲೆ ಗಾರೆ. ಇಡೀ ಯೋಜನೆಯಲ್ಲಿ ಇಷ್ಟು ಅಗ್ಗವಾಗಿ ಇಷ್ಟು ಉಪಕಾರವಾದದ್ದು ಬೇರೆ ಇಲ್ಲ.

ಇನ್ನು ಚಕ್ರದ ಜಾತಿ. ಅಂಗಡಿಯಲ್ಲಿ ನೈಲಾನ್, ಪಿಯು ಎಂದು ಕರೆಯುವ ಪಾಲಿಯುರೆಥೇನ್, ರಬ್ಬರ್ ಮೂರೂ ಇದ್ದವು. ಅಂಗಡಿಯವರು ಪಿಯು ಹೊಗಳಿದರು. ಕಾರ್ಖಾನೆಗಳಲ್ಲಿ ಎಲ್ಲರೂ ಅದನ್ನೇ ಹಾಕುತ್ತಾರೆ, ಭಾರ ತಾಳುತ್ತದೆ, ನೆಲಕ್ಕೆ ಗೀರು ಬೀಳುವುದಿಲ್ಲ ಎಂದರು. ಎಲ್ಲ ನಿಜ. ಆದರೆ ಕೊಡಗಿನವರಿಗೆ ಪಿಯು ಎಂದರೇನು ಎಂದು ಹೇಳಿಕೊಡಬೇಕಾಗಿಲ್ಲ. ಮದುವೆಗೆಂದು ತೆಗೆದಿಟ್ಟ ಶೂಗಳನ್ನು ಎರಡು ಮಳೆಗಾಲ ಕಳೆದು ಪೆಟ್ಟಿಗೆಯಿಂದ ಹೊರತೆಗೆದು ಹಾಕಿಕೊಂಡು, ಮಂಟಪದ ಮೆಟ್ಟಿಲ ಮೇಲೆ ಅಟ್ಟೆ ರವೆಯಂತೆ ಉದುರಿದ ಅನುಭವ ನಮ್ಮಲ್ಲಿ ಮನೆಗೊಬ್ಬರಿಗೆ ಇದೆ. ಆ ಅಟ್ಟೆಯೂ ಪಿಯು. ಗಾಳಿಯ ತೇವ ಆ ಪ್ಲಾಸ್ಟಿಕ್ಕಿನ ಉದ್ದನೆಯ ಸರಪಳಿಗಳನ್ನು ಒಳಗಿಂದೊಳಗೇ ತುಂಡರಿಸುತ್ತದೆ. ಬಳಸದೆ ಇಟ್ಟರೂ ಬಿಡುವುದಿಲ್ಲ. ಪಿಯುನಲ್ಲೇ ಎರಡು ಬಗೆ ಇದೆ, ಪಾಲಿಯೀಥರ್ ಎಂಬ ಬಗೆ ತೇವಕ್ಕೆ ಜಗ್ಗುವುದಿಲ್ಲ, ಪಾಲಿಯೆಸ್ಟರ್ ಬಗೆ ಸೋಲುತ್ತದೆ. ಇದು ಯಾವುದು ಎಂದು ಕೇಳಿದೆ. ಅಂಗಡಿಯವರು ಚಕ್ರವನ್ನು ತಿರುಗಿಸಿ ನೋಡಿ, "ಇದು ಹಳದಿ ಬಣ್ಣದ್ದು ಸಾರ್" ಎಂದರು.

ನೈಲಾನಿಗೆ ತೇವದ ಭಯವಿಲ್ಲ, ಆದರೆ ಅದು ಕಲ್ಲಿನಷ್ಟು ಗಟ್ಟಿ. ಕಣದ ಸಿಮೆಂಟು ಚಕ್ಕೆ ಎದ್ದರೆ ಆ ಗುಳಿಯಲ್ಲಿ ಕಾಫಿ ಕೂರುತ್ತದೆ, ಬೂಸಲು ಹಿಡಿಯುತ್ತದೆ, ಅಪ್ಪ ನನ್ನನ್ನು ಮನೆಯಿಂದ ಹೊರಗೆ ಹಾಕುತ್ತಾರೆ. ಉಳಿದದ್ದು ಬೀಡುಕಬ್ಬಿಣದ ಗಾಲಿಗೆ ರಬ್ಬರ್ ಹೊದಿಸಿದ ಚಕ್ರ. ಅದರ ದೋಷ ಒಂದೇ: ತಿಂಗಳುಗಟ್ಟಲೆ ಭಾರ ಹೊತ್ತು ನಿಂತರೆ ನೆಲ ಮುಟ್ಟಿದ ಕಡೆ ಚಪ್ಪಟೆಯಾಗುತ್ತದೆ. ಅದಕ್ಕೆ ಮದ್ದಿದೆ, ನಿಲ್ಲಿಸಿದ ಮೇಲೆ ಚೌಕಟ್ಟಿನ ಅಡಿಗೆ ಮರದ ತುಂಡು ಕೊಟ್ಟು ಚಕ್ರದ ಭಾರ ಇಳಿಸಿಬಿಡುವುದು. ನಾಲ್ಕೂ ಎಲ್ಲ ದಿಕ್ಕಿಗೆ ತಿರುಗುವ ಚಕ್ರಗಳನ್ನೇ ಕೊಂಡೆ, ಒಂದಕ್ಕೆ ₹1,350. ನಾಲ್ಕೂ ತಿರುಗಿದರೆ ಗೋದಾಮಿನ ಮೂಲೆಗೆ ಅಡ್ಡಡ್ಡ ಸರಿಸಬಹುದು ಎಂಬ ಆಸೆ. ಈ ಆಸೆಗೆ ಆಮೇಲೆ ದಂಡ ಕಟ್ಟಿದೆ.

ಕಬ್ಬಿಣಕ್ಕೆ ಗೋಣಿಕೊಪ್ಪಕ್ಕೆ ಹೋದೆವು. ಉದ್ದದ ಎರಡು ತೊಲೆಗೆ 75 ಮಿ.ಮೀ. ಚಾನೆಲ್ಲು, ಮೀಟರಿಗೆ ಸುಮಾರು 7 ಕೆಜಿ. ಅಡ್ಡ ಪಟ್ಟಿಗೆ ಮತ್ತು ಹೆಗಲಿಗೆ 50ರ ಚೌಕ ಪೈಪು, 3 ಮಿ.ಮೀ. ದಪ್ಪದ್ದು. ಭಾವನಿಗೆ 100ರ ಚಾನೆಲ್ಲೇ ಬೇಕಿತ್ತು. "ಪಿಕಪ್ಪನ್ನೇ ಇದರ ಮೇಲೆ ನಿಲ್ಲಿಸುತ್ತೇವಾ ಭಾವ?" ಎಂದೆ. "ಮುಂದೆ ಯಾವತ್ತಾದರೂ ಬೇಕಾದರೆ?" ಎಂದರು. ಪಂಪಿನವರ ಮನಸ್ಸು ಹಾಗೆ. ಒಂದು ಎಚ್‌ಪಿ ಸಾಕಾದಲ್ಲಿ ಮೂರು ಕೂರಿಸುತ್ತಾರೆ.

ವೆಲ್ಡಿಂಗ್ ಮನೆಯಲ್ಲೇ, ಭಾವನ ಇನ್ವರ್ಟರ್ ಯಂತ್ರದಲ್ಲಿ. 3.15 ಮಿ.ಮೀ. ರಾಡು, 110 ಆಂಪಿಯರ್ ಸುತ್ತಮುತ್ತ. ಮೊದಲ ದಿನ ಆರ್ಕು, ಅಂದರೆ ರಾಡಿನ ತುದಿಯ ವಿದ್ಯುತ್ ಕಿಡಿ, ನಿಲ್ಲಲೇ ಇಲ್ಲ. ಚಟಪಟ ಸಿಡಿಯುತ್ತದೆ, ರಾಡು ಅಂಟಿಕೊಳ್ಳುತ್ತದೆ, ಬೆಸುಗೆಯನ್ನು ಕುಟ್ಟಿ ನೋಡಿದರೆ ದೋಸೆಯಂತೆ ತೂತು ತೂತು. ಭಾವ ವೋಲ್ಟೇಜ್ ಬೈದರು, ನಾನು ಯಂತ್ರ ಬೈದೆ. ತಪ್ಪು ನಮ್ಮದೇ: ರಾಡಿನ ಪೊಟ್ಟಣ ಹಿಂದಿನ ಮಳೆಗಾಲವಿಡೀ ಶೆಡ್ಡಿನಲ್ಲಿ ಬಾಯಿ ತೆರೆದು ಬಿದ್ದಿತ್ತು. ರಾಡಿನ ಮೇಲಿನ ಹೊದಿಕೆ ತೇವ ಹೀರಿದರೆ ಆ ನೀರು ಆರ್ಕಿನ ಬಿಸಿಗೆ ಹಬೆಯಾಗಿ ಕರಗಿದ ಕಬ್ಬಿಣದೊಳಗೆ ಗುಳ್ಳೆ ಎಬ್ಬಿಸುತ್ತದೆ. ರಾತ್ರಿ ಅವುಗಳನ್ನು ತಗಡಿನ ತಟ್ಟೆಯಲ್ಲಿ ಹರಡಿ ಬಚ್ಚಲೊಲೆಯ ದಂಡೆಯ ಮೇಲೆ ಇಟ್ಟೆವು. ಬೆಳಿಗ್ಗೆ ಅದೇ ಯಂತ್ರ, ಅದೇ ವೋಲ್ಟೇಜ್, ಬೆಣ್ಣೆಯಂಥ ಬೆಸುಗೆ.

ಚೌಕಟ್ಟನ್ನು ಮೊದಲು ಎಲ್ಲ ಮೂಲೆಯಲ್ಲಿ ಚುಕ್ಕೆ ಚುಕ್ಕೆಯಾಗಿ ಹಿಡಿಸಿ, ಕರ್ಣಗಳನ್ನು ಅಳೆದು, 4 ಮಿ.ಮೀ. ವ್ಯತ್ಯಾಸ ಇದ್ದದ್ದನ್ನು ಸುತ್ತಿಗೆಯಿಂದ ಸರಿಪಡಿಸಿ, ಆಮೇಲೆ ಪೂರ್ತಿ ಬೆಸೆದೆವು. ಒಂದು ಮೂಲೆ ಮಾಡಿದ ಮೇಲೆ ಅದರ ಎದುರು ಮೂಲೆ. ಇಷ್ಟೆಲ್ಲ ಜಾಗ್ರತೆ ವಹಿಸಿಯೂ ಬಿಸಿ ತನ್ನ ಕೆಲಸ ಮಾಡಿತು. ತಣ್ಣಗಾದಾಗ ಹಿಂದಿನ ಬಲ ಮೂಲೆ 6 ಮಿ.ಮೀ. ಎದ್ದಿತ್ತು. ಚಕ್ರಗಳನ್ನು ಬೆಸೆಯದೆ 12 ಮಿ.ಮೀ. ಬೋಲ್ಟಿನಿಂದ ಕೂರಿಸಿದ್ದರ ಲಾಭ ಆಗ ತಿಳಿಯಿತು. ಆ ಮೂಲೆಯ ಚಕ್ರದ ತಟ್ಟೆಯ ಮೇಲೆ 6 ಮಿ.ಮೀ. ಪ್ಲೇಟಿನ ತುಂಡು ಕೊಟ್ಟು ಬಿಗಿದೆವು, ನಾಲ್ಕೂ ನೆಲ ಮುಟ್ಟಿದವು.

ಇನ್ನೊಂದು ತಪ್ಪು ಪೂರ್ತಿ ನನ್ನದು. ತಿರುಗುವ ಚಕ್ರ ತನ್ನ ಕವಲಿನ ಸುತ್ತ ಸುತ್ತುವಾಗ ಅದರ ಬಾಲ ಹೊರಗೆ ಬೀಸುತ್ತದೆ. ಕವಲಿನ ನಡುವಿನಿಂದ ಗಾಲಿಯ ನಡು 2 ಇಂಚು ಆಚೆ, ಅಲ್ಲಿಂದ ಗಾಲಿಯ ಅಂಚು 4 ಇಂಚು. ಒಟ್ಟು 6 ಇಂಚಿನ ವೃತ್ತ ಬೇಕು. ನಾನು ಹೆಗಲನ್ನು 5 ಇಂಚು ಹೊರಗೆ ಚಾಚಿ ಬೆಸೆಸಿದ್ದೆ. ಮುಂದಕ್ಕೆ ತಳ್ಳಿದರೆ ಚೆನ್ನಾಗಿ ಹೋಗುತ್ತದೆ, ಹಿಂದಕ್ಕೆ ಎಳೆದ ಕೂಡಲೇ ಚಕ್ರ ತಿರುಗಲು ಹೋಗಿ ಚೌಕಟ್ಟಿಗೆ ಗರಕ್ಕನೆ ಸಿಕ್ಕಿಕೊಳ್ಳುತ್ತದೆ. ನಾಲ್ಕು ಹೆಗಲನ್ನೂ ಗ್ರೈಂಡರಿನಲ್ಲಿ ಕತ್ತರಿಸಿ 7 ಇಂಚಿಗೆ ಮತ್ತೆ ಬೆಸೆಯಬೇಕಾಯಿತು. ಭಾವ ಒಂದು ಮಾತೂ ಆಡಲಿಲ್ಲ. ಅದು ಬೈದದ್ದಕ್ಕಿಂತ ಹೆಚ್ಚು.

ಹಲಗೆಗೆ ಅಟ್ಟದಲ್ಲಿದ್ದ ಹಲಸಿನ ಮರ. ಸಿಲ್ವರ್ ಓಕ್ ತೋಟದಲ್ಲಿ ಬೇಕಾದಷ್ಟಿದೆ, ಆದರೆ ತೇವದ ನೆಲದ ಹತ್ತಿರ ಅದು ಹುಳಕ್ಕೆ ಊಟ. ಹಲಗೆಯ ಮೇಲೆ ಕೊಟ್ಟಿಗೆಗೆ ಹಾಸುವ ರಬ್ಬರ್ ಮ್ಯಾಟಿನ ಪಟ್ಟಿ, ಪೆಟ್ಟಿಗೆ ಜಾರದಿರಲಿ ಎಂದು. ಬಣ್ಣಕ್ಕೆ ಒಂದು ಸಲ ರೆಡ್ ಆಕ್ಸೈಡ್, ಎರಡು ಸಲ ಹಸಿರು ಎನಾಮೆಲ್. ಮಧ್ಯಾಹ್ನದ ಮಳೆ ಹಿಡಿಯುವ ಮೊದಲು ಒಣಗಿಸಲು ಮೂರು ಬೆಳಿಗ್ಗೆ ಬೇಕಾದವು.

ಮೇ 18ರಂದು ಪರೀಕ್ಷೆ. ಪೆಟ್ಟಿಗೆಯನ್ನೇ ಇಡುವ ಧೈರ್ಯ ಇರಲಿಲ್ಲ. ಮುಂಗಾರಿನ ಗೊಬ್ಬರ ಬಂದು ಬಿದ್ದಿತ್ತಲ್ಲ, 50 ಕೆಜಿಯ 11 ಮೂಟೆ ಪೊಟ್ಯಾಷ್ ಪೇರಿಸಿದೆವು. ಯೂರಿಯಾ ಮೂಟೆ ಬೇಡ ಎಂದೆ. ಅದು ಈಗ 45 ಕೆಜಿಯದು, ಲೆಕ್ಕ ತಪ್ಪುತ್ತದೆ. 550 ಕೆಜಿ, ಜೊತೆಗೆ ಮಣೆ. ಪೆಟ್ಟಿಗೆ ಇಟ್ಟಷ್ಟೇ ಭಾರ. ಗೋದಾಮಿನ ಒಳಗೆ ತಳ್ಳಿ ನೋಡಿದರೆ ಏನು ಸುಖ! ಅಂಗೈ ಒತ್ತಿದರೆ ಹೊರಡುತ್ತದೆ. ನುಣುಪು ನೆಲದ ಮೇಲೆ ಇಷ್ಟು ಭಾರಕ್ಕೆ 15 ಕೆಜಿಯ ನೂಕು ಸಾಕು. ಭಾವನ ಮಗಳು ಒಬ್ಬಳೇ ತಳ್ಳಿ ಫೋಟೊ ತೆಗೆಸಿಕೊಂಡಳು.

ಮರೆತದ್ದು ಇಷ್ಟು. ಗೋದಾಮಿನ ನೆಲ ತೇವ ಏರದಿರಲೆಂದು ಕಣಕ್ಕಿಂತ 9 ಇಂಚು ಎತ್ತರ. ಕೈಗಾಡಿಗೆಂದು ಅಪ್ಪ ಎಂದೋ ಕಟ್ಟಿಸಿದ 7 ಅಡಿಯ ಇಳಿಜಾರು ಹೊರಗಿದೆ. ಒಂಬತ್ತಕ್ಕೆ ಒಂದರಷ್ಟು ಇಳುಕಲು. ಕೈಗಾಡಿಗೆ ಅದು ಏನೂ ಅಲ್ಲ. 665 ಕೆಜಿಗೆ ಅದು 70 ಕೆಜಿಯ ಎಳೆತ. ಚಕ್ರದ ತಡೆ ಕಳೆದರೂ 55 ಉಳಿಯುತ್ತದೆ. ನಾನು ಕೆಳಗೆ ನಿಂತು ಬೆನ್ನು ಕೊಡುತ್ತೇನೆ ಎಂದೆ. ಭಾವ ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದರು, "ಹಿಂದಿನಿಂದ ಹಿಡಿದುಕೊಳ್ಳೋಣ, ಎದುರಿಗೆ ಯಾರೂ ಬೇಡ." ಆ ಒಂದು ಮಾತಿಗೆ ಅವರಿಗೆ ನಾನು ಋಣಿ.

ಮುಂದಿನ ಚಕ್ರ ಇಳಿಜಾರಿಗೆ ಇಳಿಯಿತು, ಹಿಂದಿನದೂ ಇಳಿಯಿತು, ನಮ್ಮಿಬ್ಬರ ಹವಾಯಿ ಚಪ್ಪಲಿ ಜಾರಿತು. ಮಣೆ ಹೊರಟಿತು. ನಾಲ್ಕೂ ಚಕ್ರ ತಿರುಗುವವಾದ್ದರಿಂದ ಅದಕ್ಕೆ ನೇರ ಹೋಗಬೇಕೆಂಬ ಹಟವೂ ಇಲ್ಲ. ಕಣಕ್ಕೆ ಇಳಿದದ್ದೇ ನೀರು ಹರಿಯಲೆಂದು ಕೊಟ್ಟ ಓರೆಗೆ ತಿರುಗಿ, ಏಡಿಯಂತೆ ಅಡ್ಡಡ್ಡ ಓಡಿ, ಕಣದ ಮೋಟುಗೋಡೆಗೆ ಬಡಿಯಿತು. ಒಂದು ಮೂಟೆ ಒಡೆದು ಕೆಂಪು ಪೊಟ್ಯಾಷ್ ಚೆಲ್ಲಿತು. ಒಂದು ಚಕ್ರದ ಎರಡು ಬೋಲ್ಟು ಬಾಗಿದವು. ಸದ್ದಿಗೆ ಜಗಲಿಯಿಂದ ಎದ್ದು ಬಂದ ಅಪ್ಪ ಎಲ್ಲವನ್ನೂ ನಿಧಾನವಾಗಿ ನೋಡಿ, "ಆ ಮೂಲೆಯ ಗಿಡಗಳಿಗೆ ಈ ವರ್ಷ ಪೊಟ್ಯಾಷ್ ಬೇಡ ಹಾಗಾದರೆ" ಎಂದು ಒಳಗೆ ಹೋದರು.

ಅಲ್ಲಿಯವರೆಗೆ ನನ್ನ ತಲೆಯಲ್ಲಿದ್ದದ್ದು ಹೊರುವುದು ಹೇಗೆ, ತಳ್ಳುವುದು ಹೇಗೆ ಎಂಬುದಷ್ಟೇ. ಹಿಡಿದು ನಿಲ್ಲಿಸುವುದರ ಬಗ್ಗೆ ಯೋಚಿಸಿರಲಿಲ್ಲ. ಎರಡು ಚಕ್ರಕ್ಕೆ ಕಾಲಿನಿಂದ ಒತ್ತುವ ಬ್ರೇಕು ಇದೆ, ಆದರೆ ಅದು ನಿಂತ ಗಾಡಿಗೆ. ಓಡುವ ಗಾಡಿಯ ಬ್ರೇಕನ್ನು ಕಾಲಿನಿಂದ ಒತ್ತಲು ಹೋದವನ ಕಾಲು ಉಳಿಯುವುದಿಲ್ಲ. ಮುಂದಿನ ಚಕ್ರಗಳೆರಡನ್ನು ತೆಗೆದು ನೇರ ಮಾತ್ರ ಓಡುವ ಚಕ್ರ ತಂದು ಹಾಕಿದೆ, ಒಂದಕ್ಕೆ ₹1,100. ಏಡಿಯ ಬುದ್ಧಿ ಹೋಯಿತು. ಅಡ್ಡಡ್ಡ ಸರಿಸುವ ಆಸೆಯೂ ಹೋಯಿತು. ಕೊನೆಯ ಅರ್ಧ ಅಡಿಯನ್ನು ಹಾರೆ ಕೊಟ್ಟು ಮೀಟಿದರೆ ಆಗುತ್ತದೆ.

ಇಳಿಜಾರಿಗೆ ಏನು ಮಾಡುವುದು? ನಾನು ವಿಂಚ್ ಬೆಲೆ ವಿಚಾರಿಸುತ್ತಿದ್ದೆ. ನಮ್ಮಲ್ಲಿ ಮರಗಸಿಗೆ, ಅಂದರೆ ನೆರಳಿನ ಮರಗಳ ಕೊಂಬೆ ಸವರಲು, ಬರುವ ಹಿರಿಯರೊಬ್ಬರಿದ್ದಾರೆ, ಬೆಟ್ಟದಿಂದ ದಿಮ್ಮಿ ಇಳಿಸುವುದರಲ್ಲೇ ಕೂದಲು ಬೆಳ್ಳಗಾದವರು. ಒಡೆದ ಮೂಟೆಯ ಕತೆ ಅವರವರೆಗೂ ಹೋಗಿತ್ತು. "ಸಾಹುಕಾರರೇ, ನಿಮ್ಮಲ್ಲಿ ಹಗ್ಗ ಇಲ್ಲವಾ?" ಎಂದರು.

"ಇದೆ ಅಜ್ಜ. ಆದರೆ ಅಷ್ಟು ಭಾರ ಹಿಡಿಯುವವರು ಯಾರು?"

"ಕಂಬ ಹಿಡಿಯುತ್ತದೆ. ನೀವು ಹಗ್ಗದ ಬಾಲ ಹಿಡಿದುಕೊಂಡರೆ ಸಾಕು."

ಗೋದಾಮಿನ ನಡುವೆ ಚಾವಣಿ ಹೊತ್ತ ದುಂಡನೆಯ ಕಬ್ಬಿಣದ ಕಂಬವಿದೆ, ಬಾಗಿಲಿನ ನೇರಕ್ಕೆ. ಅಜ್ಜ ಹೆಬ್ಬೆರಳು ದಪ್ಪದ ನೈಲಾನ್ ಹಗ್ಗವನ್ನು ಮಣೆಯ ಹಿಂಭಾಗಕ್ಕೆ ಬಿಗಿದು, ಕಂಬದ ಬುಡಕ್ಕೆ ಎರಡು ಸುತ್ತು ಹಾಕಿ, ಬಾಲವನ್ನು ನನ್ನ ಕೈಗೆ ಕೊಟ್ಟರು. ಮತ್ತೆ 11 ಮೂಟೆ. ಮಣೆ ಇಳಿಜಾರಿಗೆ ಇಳಿದು ಹಗ್ಗ ಬಿಗಿಯಾಯಿತು, ಕಂಬ ಕಿರ್ರ್ ಎಂದಿತು, ನನ್ನ ಕೈಗೆ ಬಂದ ಎಳೆತ ಮಾತ್ರ ಕರುವನ್ನು ಹಿಡಿದಷ್ಟೂ ಇಲ್ಲ. ಬೆರಳು ಸಡಿಲಿಸಿದರೆ ಒಂದು ಗೇಣು ಇಳಿಯುತ್ತದೆ, ಬಿಗಿದರೆ ನಿಲ್ಲುತ್ತದೆ. ರಾತ್ರಿ ಲೆಕ್ಕ ಹಾಕಿ ನೋಡಿದೆ. ಹಗ್ಗಕ್ಕೂ ಕಂಬಕ್ಕೂ ನಡುವಿನ ಘರ್ಷಣೆಯ ಗುಣಾಂಕ 0.3 ಎಂದುಕೊಂಡರೆ ಒಂದು ಸುತ್ತು ಎಳೆತವನ್ನು ಆರೂವರೆ ಪಟ್ಟು ಇಳಿಸುತ್ತದೆ. ಎರಡನೆಯ ಸುತ್ತು ಅದನ್ನು ಮತ್ತೆ ಆರೂವರೆ ಪಟ್ಟು. ಒಟ್ಟು ನಲವತ್ತಕ್ಕೂ ಮಿಕ್ಕಿ. 55 ಕೆಜಿ ನನ್ನ ಕೈ ಸೇರುವಾಗ ಒಂದೂವರೆ ಕೆಜಿಯೂ ಉಳಿದಿರಲಿಲ್ಲ. ಒಂದು ಎಚ್ಚರ: ಚೌಕ ಕಂಬಕ್ಕೆ ಇದನ್ನು ಮಾಡಬಾರದು, ಮೂಲೆಯಲ್ಲಿ ಹಗ್ಗ ಕಚ್ಚಿ ಜಿಗಿಯುತ್ತದೆ, ಹಗ್ಗವೂ ಸವೆಯುತ್ತದೆ. ಸುತ್ತಿನ ಮೇಲೆ ಸುತ್ತು ಏರಲೂ ಬಾರದು. ಕೈಗೆ ಹಗ್ಗ ಸುತ್ತಿಕೊಳ್ಳುವುದಂತೂ ಬೇಡವೇ ಬೇಡ. ಅಜ್ಜ ಅದನ್ನು ಹೇಳಲಿಲ್ಲ, ತುದಿ ಇಲ್ಲದ ತಮ್ಮ ಕಿರುಬೆರಳನ್ನು ಎತ್ತಿ ತೋರಿಸಿದರು.

ಹತ್ತಿಸಲು ಬೋರ್‌ವೆಲ್ ಮೋಟಾರ್ ಎತ್ತುವ ಭಾವನ ಚೈನ್ ಪುಲ್ಲಿಯನ್ನು ಅದೇ ಕಂಬಕ್ಕೆ ಕಟ್ಟಿದೆವು. ಅಡ್ಡಲಾಗಿ ಎಳೆಯಲು ಮಾಡಿದ ಸಾಮಾನಲ್ಲ ಅದು, ಸರಪಳಿ ಆಗಾಗ ಸಿಕ್ಕಿಕೊಳ್ಳುತ್ತದೆ. ನಿಧಾನ, ಆದರೆ ಕೈ ಬಿಟ್ಟರೆ ನಿಂತಲ್ಲೇ ನಿಲ್ಲುತ್ತದೆ. ಆದರೂ ಪ್ರತಿ ಎರಡು ಅಡಿಗೆ ಚಕ್ರದ ಹಿಂದೆ ಮರದ ತುಂಡು ಇಡುತ್ತಾ ಹೋದೆವು.

ಮೇ 27ರ ಬೆಳಿಗ್ಗೆ ಪೆಟ್ಟಿಗೆಯ ಸರದಿ. ಪಿಕಪ್ ತೆಗೆದ ಮೇಲೆ ಪೆಟ್ಟಿಗೆಯ ತಳ 32 ಇಂಚು ಎತ್ತರದಲ್ಲಿರುತ್ತದೆ. ಅದನ್ನು 8ಕ್ಕೆ ಇಳಿಸಬೇಕು. ಜಾಕಿನ ಹಿಡಿ ಒಂದು ಸುತ್ತಿಗೆ 5 ಮಿ.ಮೀ. ಇಳಿಯುತ್ತದೆ. ಒಂದು ಕಾಲಿಗೆ 120 ಸುತ್ತು, ನಾಲ್ಕಕ್ಕೆ ಐನೂರರ ಹತ್ತಿರ. ಒಂದೊಂದು ಕಾಲಿಗೆ ಹತ್ತು ಸುತ್ತಿಗಿಂತ ಹೆಚ್ಚು ಕೊಡದೆ ಪ್ರದಕ್ಷಿಣೆ ಹಾಕುತ್ತಾ ಇಳಿಸಿದೆವು. ಒಳಗಿನ ಮೇಜಿನ ಮೇಲೆ ರಸಮಟ್ಟ ಇಟ್ಟು ಹೆಂಡತಿ ಹೊರಗೆ ನಿಂತೇ ಕಿಟಕಿಯಿಂದ ನೋಡಿ ಹೇಳುತ್ತಿದ್ದಳು. ಅಡಿಯಲ್ಲಿ ಸಿಲ್ವರ್ ಓಕ್ ತುಂಡುಗಳ ಕಟ್ಟೆ ಕಟ್ಟಿಕೊಂಡು, ಇಳಿದಷ್ಟೂ ಒಂದೊಂದೇ ತೆಗೆದೆವು. ತೆಗೆಯುವುದಕ್ಕೂ ಕೈ ಹಾಕಲಿಲ್ಲ, ಕೊಕ್ಕೆಯಿಂದ ಎಳೆದೆವು. ಹದಿನೈದು ಇಂಚಿಗೆ ಬಂದಾಗ ಮಣೆಯನ್ನು ಹಿಂದಿನಿಂದ ಒಳಗೆ ನೂಕಿ, ಉಳಿದ 7 ಇಂಚು ಅದರ ಮೇಲೆಯೇ ಇಳಿಸಿದೆವು. ಎರಡು ಬೆಲ್ಟಿನಿಂದ ಬಿಗಿದು ಕಾಲುಗಳನ್ನು ಮೇಲೆತ್ತಿಕೊಂಡೆವು. ಕಣ ದಾಟಲು ಐದು ನಿಮಿಷ. ಚರಂಡಿಯ ಮೇಲೆ ಹೋದದ್ದು ಗೊತ್ತೇ ಆಗಲಿಲ್ಲ. ಇಳಿಜಾರು ಹತ್ತಲು ಮುಕ್ಕಾಲು ಗಂಟೆ. ಶಟರಿನ ಕೆಳಗೆ ನುಗ್ಗುವಾಗ ಎಲ್ಲರೂ ಉಸಿರು ಹಿಡಿದು ಮೇಲೆ ನೋಡುತ್ತಿದ್ದೆವು. ಮೂರಿಂಚು ಇರಬೇಕಾದಲ್ಲಿ ಎರಡೂವರೆ ಇತ್ತು. ಚಾವಣಿಯ ಮೇಲಿನ ಗಾಳಿ ಕಿಂಡಿಯ ಮುಚ್ಚಳವನ್ನು ನಾನು ಅಳತೆಗೆ ಸೇರಿಸಿರಲಿಲ್ಲ.

ಒಟ್ಟು ಖರ್ಚು: ಕಬ್ಬಿಣ ₹5,250, ಚಕ್ರ ನಾಲ್ಕು ಮತ್ತು ಎರಡು ಸೇರಿ ₹7,600, ರಾಡು, ಬಣ್ಣ, ಬೋಲ್ಟು, ಕಟಿಂಗ್ ವೀಲು ₹1,800. ₹14,650. ಒಡೆದ ಪೊಟ್ಯಾಷ್ ಇದರಲ್ಲಿ ಸೇರಿಲ್ಲ. ಮಿಕ್ಕ ಎರಡು ತಿರುಗುವ ಚಕ್ರ ಇನ್ನೂ ಇವೆ; ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರಿನ ಮೋಟಾರಿಗೆ ಒಂದು ಮಣೆ ಮಾಡಿಕೊಡು ಎಂದು ಅಪ್ಪ ಎರಡು ಸಲ ಹೇಳಿಯಾಗಿದೆ.

ಮಳೆಗಾಲದ ವರದಿ. ಚೌಕಟ್ಟಿನ ಅಡಿಗೆ ತುಂಡು ಕೊಟ್ಟು ಚಕ್ರದ ಭಾರ ಇಳಿಸಿದ್ದರಿಂದ ರಬ್ಬರ್ ಗುಂಡಗೇ ಇತ್ತು. ಆದರೆ ಬ್ರೇಕಿನ ಎರಡೂ ಪೆಡಲು ತುಕ್ಕು ಹಿಡಿದು ಬಿಗಿದುಕೊಂಡಿದ್ದವು. ಗ್ರೀಸು ಹಾಕುವ ಮೂತಿ ಇರುವುದು ಗಾಲಿಯ ಅಚ್ಚಿಗೆ ಮಾತ್ರ, ಕವಲಿನ ಬೇರಿಂಗಿಗೆ ಇಲ್ಲ. ಪೆಡಲಿಗೂ ಕವಲಿನ ಸಂದಿಗೂ ಹಳೆಯ ಎಂಜಿನ್ ಆಯಿಲ್ ಬಿಟ್ಟು ಅತ್ತಿತ್ತ ಆಡಿಸಿದ ಮೇಲೆ ಸಡಿಲವಾದವು. ಮುಂದಿನ ಸಲ ಮೇ ತಿಂಗಳಲ್ಲೇ ಗ್ರೀಸು ಮೆತ್ತಿ ಪ್ಲಾಸ್ಟಿಕ್ ಕಟ್ಟುತ್ತೇನೆ. ಪ್ಲೈವುಡ್ ಒಂದು ಹನಿಯೂ ಕುಡಿಯಲಿಲ್ಲ. ಇಲಿ ಮಾತ್ರ ಅಡಿಯಿಂದ ಗ್ಯಾಸ್ ಪೈಪಿನ ತೂತು ಹುಡುಕಿ ಒಳಗೆ ಸಂಸಾರ ಹೂಡಿತ್ತು. ಒಳಗೆ ಅಕ್ಕಿ, ಉಪ್ಪು ಬಿಟ್ಟಿರಲಿಲ್ಲ, ಅದೊಂದು ಪುಣ್ಯ. ಇಲಿಗಾಗಿ ಅಲ್ಲ, ನಮ್ಮದು ಆನೆ ಬರುವ ದಾರಿ, ಅಕ್ಕಿಯ ವಾಸನೆಗೆ ಅವು ಶಟರನ್ನೂ ಲೆಕ್ಕಿಸುವುದಿಲ್ಲ.

ಆಯುಧಪೂಜೆಯ ದಿನ ಅಮ್ಮ ಪಿಕಪ್ಪಿಗೆ, ಪಲ್ಪರಿಗೆ, ಕಳೆ ಕತ್ತರಿಸುವ ಯಂತ್ರಕ್ಕೆ ಕುಂಕುಮ ಇಟ್ಟು, ಬಗ್ಗಿ ಮಣೆಯ ಹೆಗಲಿಗೂ ಒಂದು ಚೆಂಡುಹೂವು ಸಿಕ್ಕಿಸಿದಳು.

ಜನವರಿ ಮೊದಲ ವಾರ ಕೊಯ್ಲಿನ ಆಳುಗಳು ಬರುವ ಮೊದಲೇ ಪೆಟ್ಟಿಗೆಯನ್ನು ಹೊರಗೆ ತಂದೆವು. ಕಂಬಕ್ಕೆ ಎರಡು ಸುತ್ತು, ಹಗ್ಗದ ಬಾಲ ನನ್ನ ಕೈಯಲ್ಲಿ, ಇಳಿಜಾರಿನ ಪಕ್ಕದಲ್ಲಿ ಭಾವ. ಮಾಡಿನ ಕೆಳಗೆ ಈಗ ಮಣ್ಣಿನ ಬದಲು ನಾಲ್ಕು ಚಪ್ಪಡಿ ಹಾಸಿದ್ದೇನೆ. ಪೆಟ್ಟಿಗೆ ನೆಲಕ್ಕೆ ಹತ್ತಿರ, ನೆಟ್ಟಗೆ ಕೂತಿದೆ. ಮರುದಿನ ನೋಡಿದರೆ ಅದರ ಮೂತಿಯ ಕೆಳಗಿನ ಖಾಲಿ ಜಾಗದಲ್ಲಿ, ಮಳೆ ತಾಗದ ಹಾಗೆ, ಅಪ್ಪ ಖಾಲಿ ಗೋಣಿಚೀಲದ ಮೂರು ಕಟ್ಟುಗಳನ್ನು ಪೇರಿಸಿ ಇಟ್ಟಿದ್ದರು.